ಯುದ್ಧದ ಕವಿತೆಗಳನ್ನು ಹೋಲಿಸಿ ಬರೆಯುವುದು ಹೇಗೆ: ಮೊದಲ ಓದಿನಿಂದ ಕೊನೆಯ ತಿದ್ದುವಿಕೆಯವರೆಗೆ

ಯುದ್ಧವನ್ನು ಕುರಿತ ಎರಡು ಕವಿತೆಗಳನ್ನು ಹೋಲಿಸಿ ಬರೆಯಿರಿ ಎಂದಾಗ ಬರುವ ಪ್ರಬಂಧಗಳು ಹೆಚ್ಚಾಗಿ ಒಂದೇ ಕಡೆ ಎಡವುತ್ತವೆ. ಮೊದಲ ಎರಡು ಪುಟ ಒಂದು ಕವಿತೆಯ ಸಾರಾಂಶ, ಮುಂದಿನ ಎರಡು ಪುಟ ಇನ್ನೊಂದರ ಸಾರಾಂಶ, ಕೊನೆಗೆ ‘ಹೀಗೆ ಇಬ್ಬರು ಕವಿಗಳೂ ಯುದ್ಧದ ಕ್ರೌರ್ಯವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಎಂಬ ಒಂದು ವಾಕ್ಯ. ಬರೆದವರು ಶ್ರಮಪಟ್ಟಿಲ್ಲ ಎಂದು ಹೇಳುವಂತಿಲ್ಲ. ಕವಿತೆಗಳನ್ನು ಓದಿರುತ್ತಾರೆ, ಕವಿಯ ಕಾಲವನ್ನೂ ತಿಳಿದಿರುತ್ತಾರೆ, ಅಲಂಕಾರಗಳ ಪಟ್ಟಿಯೂ ಸಿದ್ಧವಿರುತ್ತದೆ. ಆದರೆ ಎರಡು ಕವಿತೆಗಳು ಒಂದನ್ನೊಂದು ಮುಟ್ಟುವ ಜಾಗವನ್ನು ಹುಡುಕದೆಯೇ ಬರವಣಿಗೆಗೆ ಕೈಹಾಕಿರುತ್ತಾರೆ. ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳುವುದು ಆ ಜಾಗವನ್ನು ಕುರಿತು. ಅದನ್ನು ಇಲ್ಲಿ ‘ಕೀಲು’ ಎಂದು ಕರೆಯುತ್ತೇನೆ.

ಉದಾಹರಣೆಗೆ ನಾಲ್ಕು ಪಠ್ಯಗಳನ್ನು ತೆಗೆದುಕೊಂಡಿದ್ದೇನೆ: ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತ ವಿಲಪಿಸುವ ಭಾಗ, ಇಂಗ್ಲಿಷ್ ಕವಿ ರೂಪರ್ಟ್ ಬ್ರೂಕ್‌ನ ‘ದಿ ಸೋಲ್ಜರ್’ (1914), ಸರೋಜಿನಿ ನಾಯ್ಡು ಅವರ ‘ದಿ ಗಿಫ್ಟ್ ಆಫ್ ಇಂಡಿಯಾ’ (1915) ಮತ್ತು ಇನ್ನೊಬ್ಬ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್ 1917ರಲ್ಲಿ ಬರೆದ ‘ಡುಲ್ಚೆ ಎಟ್ ಡೆಕೋರಂ ಎಸ್ಟ್’ (ಸವಿಯಾದದ್ದು, ಯೋಗ್ಯವಾದದ್ದು ಎಂಬ ಅರ್ಥದ ಲ್ಯಾಟಿನ್ ಮಾತು). ಒಂದೆರಡು ಕಡೆ, ತಪ್ಪು ಆಜ್ಞೆಯಿಂದ ಸಾವಿನತ್ತ ಸವಾರಿ ಹೊರಟ ಕುದುರೆಪಡೆಯನ್ನು ಕುರಿತ ಟೆನಿಸನ್‌ನ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ (1854) ಕೂಡ ಬರುತ್ತದೆ. ನಿಮ್ಮ ಕವಿತೆಗಳು ಬೇರೆಯಾಗಿದ್ದರೂ ಹಂತಗಳು ಬದಲಾಗುವುದಿಲ್ಲ.

ಮೊದಲು ಸಿದ್ಧಮಾಡಿಕೊಳ್ಳಬೇಕಾದುದು

ಎರಡೂ ಕವಿತೆಗಳನ್ನು ಬೇರೆ ಬೇರೆ ಹಾಳೆಗಳಲ್ಲಿ, ಎರಡೂ ಬದಿಗೆ ಅಗಲವಾದ ಅಂಚು ಬಿಟ್ಟು, ಅಚ್ಚುಮಾಡಿಸಿಕೊಳ್ಳಿ ಅಥವಾ ಕೈಯಿಂದ ನಕಲು ಮಾಡಿಕೊಳ್ಳಿ. ಸಾಲುಗಳಿಗೆ ಸಂಖ್ಯೆ ಹಾಕಿ. ಒಂದು ಪೆನ್ಸಿಲ್, ಎರಡು ಬಣ್ಣದ ಪೆನ್ನು, ಒಂದು ನೋಟ್‌ಬುಕ್ ಸಾಕು. ಹಳಗನ್ನಡದ ಭಾಗವಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ‘ಕನ್ನಡ ನಿಘಂಟು’ ಕೈಗೆ ಸಿಗುವ ಗ್ರಂಥಾಲಯದಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು, ಏಕೆಂದರೆ ಪದ್ಯದ ಕೆಳಗೆ ಕೊಟ್ಟ ಗದ್ಯಾನುವಾದವನ್ನಷ್ಟೇ ನಂಬಿ ಬರೆದ ಮಾತು ಪದ್ಯದ ಮೂಲಪದದ ಮುಂದೆ ಹಲವು ಬಾರಿ ನಿಲ್ಲುವುದಿಲ್ಲ.

ಅನುವಾದದಲ್ಲಿ ಓದುತ್ತಿದ್ದರೆ ಒಂದು ಎಚ್ಚರಿಕೆ ಅಗತ್ಯ. ಯಾರು ಮಾತನಾಡುತ್ತಾರೆ, ಏನನ್ನು ನೋಡುತ್ತಾರೆ, ಯಾವ ಚಿತ್ರದಿಂದ ಯಾವ ಚಿತ್ರಕ್ಕೆ ದಾಟುತ್ತಾರೆ ಎಂಬುದನ್ನು ಅನುವಾದದಿಂದಲೂ ಹೇಳಬಹುದು. ಪ್ರಾಸ, ಲಯ, ಸಾಲು ಮುರಿದ ಬಗೆ ಇವುಗಳ ಬಗ್ಗೆ ಅನುವಾದವನ್ನು ಓದಿ ಒಂದು ಮಾತನ್ನೂ ಬರೆಯಬಾರದು, ಏಕೆಂದರೆ ಅಲ್ಲಿ ಕೇಳಿಸುವ ಲಯ ಅನುವಾದಕರದ್ದು.

ಹಂತ 1: ಎರಡೇ ಕವಿತೆಗಳನ್ನು ಆರಿಸಿಕೊಳ್ಳುವುದು

ಹೆಚ್ಚು ಕವಿತೆಗಳನ್ನು ಹೆಸರಿಸಿದರೆ ಓದು ವಿಶಾಲವೆಂದು ತೋರುತ್ತದೆ ಎಂಬ ಭ್ರಮೆ ಸಾಮಾನ್ಯ. ನಾಲ್ಕೈದು ಪುಟಗಳ ಪ್ರಬಂಧಕ್ಕೆ ಎರಡು ಕವಿತೆಗಳು ಸಾಕು. ಮೂರನೆಯದೊಂದು ಬರಬೇಕಾದರೆ ಅದು ಸಾಕ್ಷಿಯಾಗಿ ಒಂದು ವಾಕ್ಯದಲ್ಲಿ ಬಂದು ಹೋಗಲಿ.

ತೀರ ಹತ್ತಿರದ ಜೋಡಿಯೂ ತೀರ ದೂರದ ಜೋಡಿಯೂ ಕಷ್ಟ ಕೊಡುತ್ತವೆ. ಒಂದೇ ಯುದ್ಧ, ಒಂದೇ ದೇಶ, ಒಂದೇ ಧೋರಣೆ ಇರುವ ಎರಡು ಕವಿತೆಗಳಲ್ಲಿ ಹೇಳಲು ವ್ಯತ್ಯಾಸ ಸಿಗದೆ ಪುನರುಕ್ತಿಯಾಗುತ್ತದೆ. ಹತ್ತನೆಯ ಶತಮಾನದ ಚಂಪೂಕಾವ್ಯಕ್ಕೂ ಮೊದಲ ಮಹಾಯುದ್ಧದ ಕವಿತೆಗೂ ನಡುವಿನ ವ್ಯತ್ಯಾಸಗಳನ್ನು ಎಣಿಸುತ್ತ ಹೋದರೆ ಮುಗಿಯುವುದೇ ಇಲ್ಲ. ಹೀಗಿದ್ದರೂ ದೂರದ ಜೋಡಿಯನ್ನು ನಾನು ಬೇಡವೆನ್ನುವುದಿಲ್ಲ. ಕೀಲು ಗಟ್ಟಿಯಾಗಿದ್ದರೆ ಅತ್ಯಂತ ಒಳ್ಳೆಯ ಪ್ರಬಂಧಗಳು ಅಂಥ ಜೋಡಿಯಿಂದಲೇ ಹುಟ್ಟುತ್ತವೆ.

ಹಂತ 2: ಒಂದೊಂದನ್ನೂ ಪ್ರತ್ಯೇಕವಾಗಿ, ಗಟ್ಟಿಯಾಗಿ ಓದುವುದು

ಮೊದಲ ದಿನ ಒಂದು ಕವಿತೆಯನ್ನು ಮಾತ್ರ ಓದಿ, ಇನ್ನೊಂದರ ಹಾಳೆಯನ್ನು ಮುಚ್ಚಿಡಿ. ಎರಡನ್ನೂ ಒಟ್ಟಿಗೆ ತೆರೆದಿಟ್ಟುಕೊಂಡರೆ ಮೊದಲ ನೋಟಕ್ಕೆ ಕಾಣುವ ಹೋಲಿಕೆಗಳು ಮನಸ್ಸನ್ನು ಹಿಡಿದುಬಿಡುತ್ತವೆ, ಆಮೇಲೆ ಅವುಗಳಿಂದ ಬಿಡಿಸಿಕೊಳ್ಳುವುದು ಕಷ್ಟ.

ಹಳಗನ್ನಡದ ಪದ್ಯವಾದರೆ ಮೊದಲು ಪದವಿಭಾಗ ಮಾಡಿ, ಅನ್ವಯ (ಪದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸಿದ ರೂಪ) ಬರೆದುಕೊಂಡು, ಆಮೇಲೆ ಛಂದಸ್ಸಿಗೆ ತಕ್ಕಂತೆ ಓದಿ. ಈ ಕೆಲಸವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ‘ಗದಾಯುದ್ಧ’ದ ಅತ್ಯಂತ ಪ್ರಸಿದ್ಧ ಸಾಲೊಂದೇ ಸಾಕ್ಷಿ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ಉರಗಪತಾಕ, ಅಂದರೆ ಹಾವಿನ ಬಾವುಟದ ದುರ್ಯೋಧನ, ನೀರಿನೊಳಗಿದ್ದರೂ ಬೆವರಿದನು. ಇದನ್ನು ‘ಹೆದರಿ ಬೆವರಿದ’ ಎಂದು ಬರೆಯುವವರು ಬಹಳ ಮಂದಿ. ಅನ್ವಯ ಬರೆದುಕೊಂಡವರಿಗೆ ಅದೇ ಕಂದಪದ್ಯದಲ್ಲಿ ದುರ್ಯೋಧನನಿಗೆ ‘ಕೋಪಾರುಣನೇತ್ರಂ’ ಎಂಬ ವಿಶೇಷಣವಿರುವುದು ಕಾಣುತ್ತದೆ. ಕಣ್ಣು ಕೆಂಪಾಗಿರುವುದು ಕೋಪದಿಂದ. ಹಾಗಾದರೆ ಬೆವರು ಕೋಪದ್ದೋ, ಭಯದ್ದೋ, ಎರಡೂ ಬೆರೆತದ್ದೋ ಎಂಬ ಪ್ರಶ್ನೆ ತೆರೆದುಕೊಳ್ಳುತ್ತದೆ. ಪ್ರಬಂಧಕ್ಕೆ ಬೇಕಾಗಿರುವುದು ಇಂಥ ಪ್ರಶ್ನೆ.

ಈ ಹಂತದಲ್ಲಿ ಅಂಚಿನಲ್ಲಿ ಬರೆಯಬೇಕಾದುದು ಪ್ರತಿಕ್ರಿಯೆಗಳನ್ನಷ್ಟೇ: ಎಲ್ಲಿ ಓದು ನಿಧಾನವಾಯಿತು, ಎಲ್ಲಿ ನಾಲಿಗೆ ತಡವರಿಸಿತು, ಯಾವ ಪದ ನಿರೀಕ್ಷೆಗೆ ಹೊರತಾಗಿತ್ತು. ಕವಿಯ ಜೀವನ, ಯುದ್ಧದ ಇತಿಹಾಸ ಇವುಗಳನ್ನು ಈಗ ತೆರೆಯಬೇಡಿ. ಅದಕ್ಕೆ ಆರನೆಯ ಹಂತವಿದೆ.

ಹಂತ 3: ಸರ್ವನಾಮಗಳ ಜಾಡು ಹಿಡಿಯುವುದು

ಯುದ್ಧದ ಅನುಭವ ಎಂದರೆ ಯಾರ ಅನುಭವ? ಈ ಪ್ರಶ್ನೆಗೆ ಉತ್ತರವನ್ನು ಕವಿತೆಯ ಸರ್ವನಾಮಗಳು ಕೊಡುತ್ತವೆ. ಒಂದು ಬಣ್ಣದ ಪೆನ್ನಿನಿಂದ ‘ನಾನು, ನಾವು, ನೀನು, ಅವನು, ಅವರು’ ಎಂಬುವನ್ನೆಲ್ಲ ಗುರುತು ಮಾಡಿ. ಇನ್ನೊಂದು ಬಣ್ಣದಿಂದ ಭೂತಕಾಲ, ವರ್ತಮಾನಕಾಲ ಬದಲಾಗುವ ಜಾಗಗಳನ್ನು ಗುರುತಿಸಿ. ಇದು ಯಾಂತ್ರಿಕವಾದ ಕೆಲಸವೆನಿಸಬಹುದು, ಆದರೆ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸವನ್ನು ನಾನು ಕಂಡಿಲ್ಲ.

ಓವೆನ್‌ನ ಕವಿತೆ 28 ಸಾಲಿನದು. ಮೊದಲ ಭಾಗದಲ್ಲಿ ‘ನಾವು’ ಇದ್ದೇವೆ: ಮೂಟೆ ಹೊತ್ತ ಮುದಿ ಭಿಕ್ಷುಕರಂತೆ ಬೆನ್ನು ಬಾಗಿಸಿ, ಕೆಮ್ಮುತ್ತ, ಕೆಸರಿನಲ್ಲಿ ಕಾಲೆಳೆಯುತ್ತ ಹೋಗುವ ಸೈನಿಕರ ಗುಂಪು. ವಿಷಾನಿಲದ ಶೆಲ್ ಬಿದ್ದ ಕೂಡಲೇ ಆ ‘ನಾವು’ ಒಡೆಯುತ್ತದೆ. ಮುಖವಾಡ ಹಾಕಿಕೊಳ್ಳಲಾಗದ ‘ಯಾರೋ ಒಬ್ಬ’ ಉಳಿಯುತ್ತಾನೆ, ಮಸುಕು ಗಾಜಿನ ಹಿಂದಿನಿಂದ, ಹಸಿರು ಸಮುದ್ರದಡಿಯಲ್ಲಿ ಮುಳುಗುವವನನ್ನು ಕಂಡಂತೆ ಅವನನ್ನು ನೋಡುವ ‘ನಾನು’ ಉಳಿಯುತ್ತೇನೆ. ನಂತರ ಬರುವ ಎರಡು ಸಾಲುಗಳಲ್ಲಿ ಕಾಲವೇ ಬದಲಾಗುತ್ತದೆ: ನನ್ನ ಎಲ್ಲ ಕನಸುಗಳಲ್ಲಿ ಅವನು ಈಗಲೂ ನನ್ನ ಮೇಲೆ ಬೀಳುತ್ತಿದ್ದಾನೆ. ಕೊನೆಯ 12 ಸಾಲುಗಳು ‘ನೀನು’ ಕಡೆಗೆ ತಿರುಗುತ್ತವೆ. ಆ ‘ನೀನು’ ಯುದ್ಧಭೂಮಿಯಲ್ಲಿ ಇಲ್ಲದವನು, ಊರಿನಲ್ಲಿ ಕುಳಿತು ಮಕ್ಕಳಿಗೆ ವೀರಮರಣದ ಮಾತು ಹೇಳುವವನು.

ಟೆನಿಸನ್‌ನಲ್ಲಿ ಇರುವವರು ‘ಅವರು’. ಆರುನೂರು ಮಂದಿ ಸವಾರರಲ್ಲಿ ಒಬ್ಬನಿಗೂ ಮುಖವಿಲ್ಲ, ತಪ್ಪು ಆಜ್ಞೆ ಕೊಟ್ಟವನಿಗೂ ಹೆಸರಿಲ್ಲ. ನಾಯ್ಡು ಅವರ ಕವಿತೆಯಲ್ಲಿ ‘ನಾನು’ ಎನ್ನುವವಳು ಮಕ್ಕಳನ್ನು ಕಳೆದುಕೊಂಡ ಭಾರತಮಾತೆ. ಬ್ರೂಕ್‌ನ ‘ನಾನು’ ಇನ್ನೂ ಬದುಕಿದ್ದಾನೆ, ‘ನಾನೇನಾದರೂ ಸತ್ತರೆ’ ಎಂದು ಮಾತು ಆರಂಭಿಸುತ್ತಾನೆ.

ಸಾಮಾನ್ಯ ತಪ್ಪು: ಕವಿತೆಯ ‘ನಾನು’ವನ್ನು ಕವಿಯೆಂದೇ ಭಾವಿಸಿ ‘ಕವಿಗೆ ಹೀಗಾಯಿತು’ ಎಂದು ಬರೆಯುವುದು. ಓವೆನ್ ಯುದ್ಧದಲ್ಲಿದ್ದದ್ದು ನಿಜ, ಆದರೂ ಬರೆಯುವಾಗ ‘ನಿರೂಪಕ’ ಎಂಬ ಪದವನ್ನೇ ಬಳಸಿ. ನಾಯ್ಡು ಅವರ ಕವಿತೆಯಲ್ಲಿ ಈ ತಪ್ಪು ಮಾಡಿದರೆ ಪ್ರಬಂಧ ಹಾಸ್ಯಾಸ್ಪದವಾಗುತ್ತದೆ.

ಹಂತ 4: ಕೀಲನ್ನು ಹುಡುಕುವುದು

ಈಗ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಡಿ. ಹುಡುಕಬೇಕಾದುದು ಎರಡೂ ಕವಿತೆಗಳು ಉತ್ತರ ಕೊಡಲು ಯತ್ನಿಸುತ್ತಿರುವ ಒಂದು ಪ್ರಶ್ನೆಯನ್ನು. ಪ್ರಶ್ನೆ ಒಂದೇ ಆಗಿರಬೇಕು, ಉತ್ತರಗಳು ಬೇರೆಯಾಗಿರಬೇಕು. ಅದೇ ಕೀಲು. ಬಾಗಿಲಿನ ಎರಡು ಪಟ್ಟಿಗಳೂ ಅದಕ್ಕೆ ಸೇರಿಕೊಂಡೇ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ.

‘ಯುದ್ಧ’, ‘ಸಾವು’, ‘ದೇಶಪ್ರೇಮ’ ಇವು ಕೀಲುಗಳಾಗಲಾರವು. ಇವು ವಿಷಯಗಳ ಹೆಸರುಗಳು, ಇವುಗಳ ಬಗ್ಗೆ ಎರಡು ಕವಿತೆಗಳೂ ತಮ್ಮ ಪಾಡಿಗೆ ತಾವು ಮಾತನಾಡಿಕೊಂಡು ಹೋಗುತ್ತವೆ. ಕೀಲು ಎಂದರೆ ಪ್ರಶ್ನಾರ್ಥಕ ಚಿಹ್ನೆಯಲ್ಲಿ ಮುಗಿಯುವ ಒಂದು ಪೂರ್ಣ ವಾಕ್ಯ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಾಗದಿದ್ದರೆ ಇನ್ನೂ ಕೀಲು ಸಿಕ್ಕಿಲ್ಲವೆಂದು ತಿಳಿಯಿರಿ.

ಬ್ರೂಕ್ ಮತ್ತು ನಾಯ್ಡು ಜೋಡಿಯನ್ನು ತೆಗೆದುಕೊಳ್ಳೋಣ. ಎರಡೂ ಒಂದೇ ಯುದ್ಧದ ಮೊದಲ ಒಂದೂವರೆ ವರ್ಷದೊಳಗೆ ಬಂದ ಕವಿತೆಗಳು, ಎರಡರಲ್ಲೂ ಸೈನಿಕನ ಸಮಾಧಿ ಪರದೇಶದಲ್ಲಿದೆ. ಆದ್ದರಿಂದ ಕೀಲು ಹೀಗೆ ಸಿಗುತ್ತದೆ: ಪರದೇಶದಲ್ಲಿ ಹೂಳಿದ ದೇಹಕ್ಕೂ ಅದನ್ನು ಹೊತ್ತ ಮಣ್ಣಿಗೂ ಏನು ಸಂಬಂಧ? ಬ್ರೂಕ್‌ನ ಉತ್ತರ ಸ್ಪಷ್ಟ. ಸೈನಿಕನ ದೇಹ ಬಿದ್ದ ಆ ಪರದೇಶದ ಹೊಲದ ಮೂಲೆ ಶಾಶ್ವತವಾಗಿ ಇಂಗ್ಲೆಂಡ್ ಆಗಿಬಿಡುತ್ತದೆ, ಏಕೆಂದರೆ ಅಲ್ಲಿಯ ಫಲವತ್ತಾದ ಮಣ್ಣಿನೊಳಗೆ ಅದಕ್ಕಿಂತಲೂ ಫಲವತ್ತಾದ ಧೂಳೊಂದು ಸೇರಿದೆ. 14 ಸಾಲುಗಳ ಈ ಸಾನೆಟ್‌ನಲ್ಲಿ ‘ಇಂಗ್ಲೆಂಡ್’ ಮತ್ತು ‘ಇಂಗ್ಲಿಷ್’ ಎಂಬ ಪದಗಳು ಒಟ್ಟು ಆರು ಸಲ ಬರುತ್ತವೆ. ನೀವೇ ಎಣಿಸಿ ನೋಡಿ. ಆಯುಧ, ಶತ್ರು, ರಕ್ತ, ಗಾಯ ಇವುಗಳಲ್ಲಿ ಒಂದಕ್ಕೂ ಒಂದು ಸಾಲಿನ ಜಾಗವಿಲ್ಲ.

ನಾಯ್ಡು ಅವರ ಕವಿತೆಯಲ್ಲಿ ಸತ್ತವರಿಗೆ ಮೂರು ಉಪಮೆಗಳಿವೆ. ಪರ್ಷಿಯಾದ ಅಲೆಗಳ ಬಳಿ ಪರಕೀಯ ಸಮಾಧಿಗಳಲ್ಲಿ ಅವರು ಆರಿಸಿಟ್ಟ ಮುತ್ತುಗಳಂತೆ ಮಲಗಿದ್ದಾರೆ, ಈಜಿಪ್ಟಿನ ಮರಳಿನ ಮೇಲೆ ಚಿಪ್ಪುಗಳಂತೆ ಚದುರಿದ್ದಾರೆ, ಫ್ಲಾಂಡರ್ಸ್ ಮತ್ತು ಫ್ರಾನ್ಸಿನ ರಕ್ತಗಂದು ಹುಲ್ಲುಗಾವಲುಗಳಲ್ಲಿ ಕತ್ತರಿಸಿ ಬಿದ್ದ ಹೂಗಳಂತೆ ಹರಡಿದ್ದಾರೆ. ಈ ಮೂರನ್ನೂ ಒಂದು ನಿಮಿಷ ಒಟ್ಟಿಗೆ ನೋಡಬೇಕು. ಮುತ್ತು ತನ್ನ ಚಿಪ್ಪಿನಿಂದ ಬೇರೆಯಾದದ್ದು, ಚಿಪ್ಪು ಸಮುದ್ರದಿಂದ ಹೊರಗೆ ಬಿದ್ದದ್ದು, ಹೂವು ಗಿಡದಿಂದ ಕಡಿದುಹೋದದ್ದು. ಸುಂದರವಾದ ಮೂರು ವಸ್ತುಗಳೂ ಹುಟ್ಟಿದ ಜಾಗವನ್ನು ಕಳೆದುಕೊಂಡಿವೆ. ಬ್ರೂಕ್‌ನ ಸೈನಿಕ ಮಣ್ಣಿನೊಳಗೆ ಬೆರೆತು ಅದನ್ನು ತನ್ನ ದೇಶವಾಗಿಸುತ್ತಾನೆ. ನಾಯ್ಡು ಅವರ ಸೈನಿಕರು ಮಣ್ಣಿನ ಮೇಲೆ ಬಿದ್ದಿದ್ದಾರೆ, ಆ ಮಣ್ಣು ಭಾರತವಾಗುವುದಿಲ್ಲ. ಒಬ್ಬನು ಸಾಮ್ರಾಜ್ಯಕ್ಕಾಗಿ ಎಲ್ಲಿ ಬಿದ್ದರೂ ಅದು ತನ್ನ ನೆಲ, ಇನ್ನೊಬ್ಬರು ಅದೇ ಸಾಮ್ರಾಜ್ಯಕ್ಕಾಗಿ ಸತ್ತರೂ ಬಿದ್ದ ನೆಲ ಪರರದು. ಈ ವ್ಯತ್ಯಾಸವನ್ನು ಹೇಳಲು ಇತಿಹಾಸದ ಪುಸ್ತಕವನ್ನು ತೆರೆಯಬೇಕಾಗಿರಲಿಲ್ಲ ಎಂಬುದನ್ನು ಗಮನಿಸಿ. ಮೂರು ಉಪಮೆಗಳೇ ಅದನ್ನು ಹೇಳಿದವು.

ಅಪಾಯದ ಸೂಚನೆ: ಒಂದೇ ವಸ್ತು ಎರಡೂ ಕವಿತೆಗಳಲ್ಲಿ ಕಾಣಿಸಿಕೊಂಡಿದೆ ಎಂಬುದಷ್ಟೇ ನಿಮ್ಮ ಆಧಾರವಾಗಿದ್ದರೆ ನಿಲ್ಲಿಸಿ. ಓವೆನ್‌ನಲ್ಲಿ ಒಬ್ಬ ಹಸಿರು ಸಮುದ್ರದಲ್ಲಿ ಮುಳುಗುತ್ತಾನೆ, ರನ್ನನಲ್ಲಿ ಒಬ್ಬ ನೀರಿನೊಳಗೆ ಬೆವರುತ್ತಾನೆ. ‘ಇಬ್ಬರು ಕವಿಗಳೂ ನೀರಿನ ಪ್ರತಿಮೆಯನ್ನು ಬಳಸಿದ್ದಾರೆ’ ಎಂಬ ವಾಕ್ಯ ತಕ್ಷಣ ಹೊಳೆಯುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ಓವೆನ್‌ನಲ್ಲಿ ನೀರೇ ಇಲ್ಲ, ಅದು ಅನಿಲ ತುಂಬಿದ ಗಾಳಿಯನ್ನು ಮುಖವಾಡದ ಗಾಜಿನ ಮೂಲಕ ಕಂಡ ಬಗೆ. ರನ್ನನಲ್ಲಿರುವುದು ನಿಜವಾದ ಕೊಳ, ಅರಸನೊಬ್ಬನ ಅಡಗುದಾಣ. ಎರಡರ ನಡುವೆ ಒಂದು ಪ್ರಶ್ನೆಯನ್ನು ಕಟ್ಟಲಾಗದಿದ್ದರೆ ಆ ಸಾಮ್ಯವನ್ನು ಕೈಬಿಡಬೇಕು.

ರನ್ನ ಮತ್ತು ಓವೆನ್‌ಗೆ ಗಟ್ಟಿಯಾದ ಕೀಲು ಬೇರೆ ಕಡೆ ಇದೆ, ಅದು ಮೂರನೆಯ ಹಂತದ ಸರ್ವನಾಮಗಳಿಂದಲೇ ಸಿಗುತ್ತದೆ. ಸತ್ತವನ ಅಥವಾ ಸಾಯುತ್ತಿರುವವನ ಮುಂದೆ ನಿಂತವನು ಯಾರೊಡನೆ ಮಾತನಾಡುತ್ತಾನೆ? ದುರ್ಯೋಧನನು ಹೆಣಗಳ ನಡುವೆ ಎಡವುತ್ತ, ಮರುಳುಗಳ (ಪಿಶಾಚಿಗಳ) ಮೂದಲಿಕೆಯನ್ನು ಕೇಳುತ್ತ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಹೀಗೆ ಒಬ್ಬೊಬ್ಬರ ಮುಂದೆಯೂ ನಿಂತು ಅವರನ್ನೇ ‘ನೀನು’ ಎಂದು ಕರೆದು ಮಾತನಾಡುತ್ತಾನೆ. ಸತ್ತವರಿಗೆಲ್ಲ ಹೆಸರಿದೆ, ನಂಟಿದೆ, ತೀರಿಸಬೇಕಾದ ಋಣವಿದೆ. ಓವೆನ್‌ನ ಸಾಯುತ್ತಿರುವ ಸೈನಿಕನಿಗೆ ಹೆಸರಿಲ್ಲ, ಅವನೊಡನೆ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಅಲ್ಲಿ ‘ನೀನು’ ಎಂಬ ಪದ ಬದುಕಿರುವ, ದೂರವಿರುವ, ಏನನ್ನೂ ನೋಡದ ಓದುಗನಿಗೆ ಮೀಸಲು.

ಹಂತ 5: ಕವಿತೆಯ ಕಟ್ಟಡವನ್ನು ಕೀಲಿಗೆ ಜೋಡಿಸುವುದು

ಕೀಲು ಸಿಕ್ಕಮೇಲೆ ಮಾತ್ರ ಛಂದಸ್ಸು, ಪ್ರಾಸ, ಪುನರುಕ್ತಿಗಳ ಕಡೆ ಬನ್ನಿ. ಈ ಕ್ರಮ ತಪ್ಪಿದರೆ ‘ಕವಿಯು ಉಪಮಾಲಂಕಾರವನ್ನು ಬಳಸಿದ್ದಾನೆ, ಇದರಿಂದ ಕವಿತೆಗೆ ಸೊಬಗು ಬಂದಿದೆ’ ಎಂಬಂಥ ವಾಕ್ಯಗಳು ಸಾಲುಗಟ್ಟುತ್ತವೆ. ಅಂಥ ವಾಕ್ಯವನ್ನು ಜಗತ್ತಿನ ಯಾವ ಕವಿತೆಯ ಬಗ್ಗೆಯೂ ಬರೆಯಬಹುದು.

ಪುನರುಕ್ತಿಯೊಂದನ್ನೇ ನೋಡಿ. ಕರ್ಣನ ಮುಂದೆ ದುರ್ಯೋಧನನು ಹೇಳುವ ಕಂದಪದ್ಯ ‘ನೀನುಳ್ಳೊಡುಂಟು ರಾಜ್ಯಂ’ ಎಂದು ತೊಡಗುತ್ತದೆ. ‘ನೀನುಳ್ಳೊಡೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತ, ರಾಜ್ಯ, ಪಟ್ಟ, ಬೆಳ್ಗೊಡೆ (ಅರಸನ ಬಿಳಿಯ ಕೊಡೆ) ಎಂದು ಒಂದೊಂದನ್ನೇ ಎಣಿಸಿ ಮುಂದಿಡುತ್ತದೆ. ಕೊನೆಗೆ ‘ನೀನಿಲ್ಲದೆ’ ಇವೆಲ್ಲ ಇವೆಯೇ ಎಂಬ ಪ್ರಶ್ನೆ ಎಲ್ಲವನ್ನೂ ಒಂದೇ ಸಲ ಕಸಿದುಕೊಂಡು, ‘ಅಂಗಾಧಿಪತೀ’ (ಅಂಗದೇಶದ ಒಡೆಯನಾದ ಕರ್ಣನೇ) ಎಂಬ ಕೂಗಿನಲ್ಲಿ ನಿಲ್ಲುತ್ತದೆ. ಪುನರುಕ್ತಿ ಇಲ್ಲಿ ಲೆಕ್ಕ ಹಾಕುವ ಕೆಲಸ ಮಾಡುತ್ತದೆ, ಲೆಕ್ಕ ಸೊನ್ನೆಗೆ ಬಂದಾಗ ಉಳಿಯುವುದು ಸತ್ತವನ ಹೆಸರು.

ಓವೆನ್‌ನ ಪುನರುಕ್ತಿ ಬೇರೆ ರೀತಿಯದು. ಇಂಗ್ಲಿಷ್ ಮೂಲದಲ್ಲಿ ಎರಡನೆಯ ಭಾಗದ ಕೊನೆಯ ಸಾಲು ‘ಮುಳುಗುತ್ತಿರುವುದು’ ಎಂಬ ಅರ್ಥದ ಪದದಿಂದ ಮುಗಿಯುತ್ತದೆ, ಅದಕ್ಕೆ ಪ್ರಾಸವಾಗಿ ಮುಂದಿನ ಎರಡು ಸಾಲುಗಳ ಕೊನೆಯಲ್ಲಿ ಅದೇ ಪದ ಮತ್ತೆ ಬರುತ್ತದೆ. ಉಳಿದ ಸಾಲುಗಳಿಗೆಲ್ಲ ಬೇರೆ ಬೇರೆ ಪ್ರಾಸಪದಗಳನ್ನು ಒದಗಿಸಿದ ಕವಿ ಇಲ್ಲಿ ಮಾತ್ರ ಅದೇ ಪದವನ್ನು ಇಟ್ಟಿದ್ದಾನೆ. ಕನಸಿನಲ್ಲಿ ಮರಳಿ ಮರಳಿ ಬರುವ ದೃಶ್ಯಕ್ಕೆ ಬೇರೆ ಪದವಿಲ್ಲ. ರನ್ನನ ಪುನರುಕ್ತಿ ಮುಂದಕ್ಕೆ ಹೋಗಿ ಒಂದು ಕಡೆ ಮುಗಿಯುತ್ತದೆ, ಓವೆನ್‌ನದು ಹೊರಟಲ್ಲಿಗೇ ಮರಳುತ್ತದೆ.

ಟೆನಿಸನ್‌ನ ಪಲ್ಲವಿಯನ್ನು ಓದುವಾಗಲೂ ಇದೇ ಎಚ್ಚರ ಬೇಕು. ‘ಆರುನೂರು’ ಎಂಬುದು ಪ್ರತಿ ಚರಣದ ಕೊನೆಯಲ್ಲಿ ಬರುತ್ತದೆ ಎಂದು ಹೇಳಿ ಮುಂದೆ ಹೋಗುವವರು ಅದರ ಪಕ್ಕದ ಪದಗಳನ್ನು ನೋಡಿರುವುದಿಲ್ಲ. ಮೊದಲ ಮೂರು ಚರಣಗಳಲ್ಲಿ ಆರುನೂರು ಮಂದಿ ಸವಾರಿ ಹೊರಡುತ್ತಾರೆ. ನಾಲ್ಕನೆಯದರಲ್ಲಿ ಹಿಂತಿರುಗುವವರು ಆರುನೂರು ಮಂದಿ ಅಲ್ಲ. ಐದನೆಯದರಲ್ಲಿ ಆರುನೂರರಲ್ಲಿ ಉಳಿದವರು. ಆರನೆಯದರಲ್ಲಿ ಮತ್ತೆ ಪೂರ್ತಿ ಆರುನೂರು, ಈ ಸಲ ‘ಉದಾತ್ತ’ ಎಂಬ ವಿಶೇಷಣದೊಂದಿಗೆ. ರಣರಂಗದಲ್ಲಿ ಕಡಿಮೆಯಾದ ಸಂಖ್ಯೆಯನ್ನು ಕೀರ್ತಿಯಲ್ಲಿ ತುಂಬಿಕೊಡಲಾಗಿದೆ.

ಹಂತ 6: ಸಂದರ್ಭವನ್ನು ಈಗ ತರುವುದು, ಅಳತೆಯಿಂದ ತರುವುದು

ಇತಿಹಾಸದ ಮಾಹಿತಿಗೆ ಒಂದು ಪರೀಕ್ಷೆಯಿದೆ: ಈ ಮಾಹಿತಿಯಿಂದ ಕವಿತೆಯ ಯಾವ ಸಾಲು ಬೇರೆಯಾಗಿ ಓದಿಸಿಕೊಳ್ಳುತ್ತದೆ? ಉತ್ತರವಿಲ್ಲದ ಮಾಹಿತಿಯನ್ನು ಬಿಡಿ. ಓವೆನ್ 1918ರ ನವೆಂಬರ್ 4ರಂದು, ಯುದ್ಧವಿರಾಮಕ್ಕೆ ಒಂದು ವಾರ ಮೊದಲು ಸತ್ತನು ಎಂಬುದು ಮನಸ್ಸನ್ನು ಕಲಕುವ ಸಂಗತಿ. ಆದರೆ ಅದು 1917ರ ಕವಿತೆಯ ಒಂದು ಸಾಲನ್ನೂ ವಿವರಿಸುವುದಿಲ್ಲ. ಆ ಕವಿತೆಯನ್ನು ಅವನು ಬರೆಯತೊಡಗಿದ್ದು ಎಡಿನ್‌ಬರ್ಗ್ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ, ಯುದ್ಧದ ಆಘಾತದಿಂದ ಚೇತರಿಸಿಕೊಳ್ಳುತ್ತಿದ್ದಾಗ ಎಂಬ ಮಾಹಿತಿ ಕನಸಿನ ಆ ಎರಡು ಸಾಲುಗಳಿಗೆ ನೇರವಾಗಿ ಸೇರುತ್ತದೆ.

ಕಾಲಕ್ರಮದ ತಪ್ಪು ಬಹಳ ಸುಲಭವಾಗಿ ನುಸುಳುತ್ತದೆ. ಮೈಸೂರು ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್ ಪಡೆ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ವಶಪಡಿಸಿಕೊಳ್ಳುವಲ್ಲಿ ಪಾಲ್ಗೊಂಡದ್ದು ನಮಗೆಲ್ಲ ಹೆಮ್ಮೆಯ ವಿಷಯವಾದ್ದರಿಂದ, ನಾಯ್ಡು ಅವರ ಕವಿತೆಯ ಮರಳುಗಾಡಿನ ಸಾಲಿಗೆ ಅದನ್ನು ಹೊಂದಿಸುವ ಆಸೆ ಸಹಜ. ಹೈಫಾ ಕದನ ನಡೆದದ್ದು 1918ರ ಸೆಪ್ಟೆಂಬರ್ 23ರಂದು, ಕವಿತೆ 1915ರದು. ಅದೇ ಪಡೆ ಅದಕ್ಕೂ ಮೊದಲೇ ಸೂಯೆಜ್ ಕಾಲುವೆಯ ರಕ್ಷಣೆಗಾಗಿ ಈಜಿಪ್ಟಿನಲ್ಲಿತ್ತು ಎಂದು ಬರೆದರೆ ಮಾತು ಸರಿಯಾಗುತ್ತದೆ, ‘ಈಜಿಪ್ಟಿನ ಮರಳು’ ಎಂಬುದು ಕನ್ನಡ ಓದುಗರಿಗೆ ಹತ್ತಿರವೂ ಆಗುತ್ತದೆ.

ಕಣ್ಣಾರೆ ಕಂಡವನ ಕವಿತೆಯೇ ನಿಜ, ಉಳಿದವು ಕಲ್ಪನೆ ಎಂಬ ತೀರ್ಪನ್ನೂ ಕೊಡಬೇಡಿ. ಟೆನಿಸನ್ ಪತ್ರಿಕೆಯ ವರದಿಯನ್ನು ಓದಿ ಬರೆದನು. ಬ್ರೂಕ್ ಟರ್ಕಿಯ ಗಲಿಪೊಲಿ ರಣರಂಗಕ್ಕೆ ಹೋಗುವ ದಾರಿಯಲ್ಲಿ, 1915ರ ಏಪ್ರಿಲ್ 23ರಂದು, ಸೋಂಕಿನಿಂದ ಹಡಗಿನಲ್ಲಿ ತೀರಿಕೊಂಡನು. ರನ್ನನು ಕುರುಕ್ಷೇತ್ರವನ್ನು ಕಂಡವನಲ್ಲ. ಹಾಗಿದ್ದೂ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುವ ಅರಸನ ಚಿತ್ರ ಅವನಲ್ಲಿದೆ. ಕವಿ ಎಲ್ಲಿ ನಿಂತು ನೋಡಿದನೆಂಬುದನ್ನು ದಾಖಲಿಸಿ, ಅದಕ್ಕೆ ಅಂಕ ಕೊಡುವ ಕೆಲಸಕ್ಕೆ ಹೋಗಬೇಡಿ.

ಇನ್ನೂ ಒಂದು ತಪ್ಪಿದೆ, ಅದು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ: ದುಃಖವಿರುವ ಕವಿತೆಗಳಿಗೆಲ್ಲ ‘ಯುದ್ಧವಿರೋಧಿ’ ಎಂಬ ಹಣೆಪಟ್ಟಿ ಅಂಟಿಸುವುದು. ಓವೆನ್‌ಗೆ ಆ ಮಾತು ಒಪ್ಪುತ್ತದೆ. ತಾಯ್ನಾಡಿಗಾಗಿ ಸಾಯುವುದು ಸವಿಯಾದದ್ದು, ಯೋಗ್ಯವಾದದ್ದು ಎಂಬ ರೋಮನ್ ಕವಿ ಹೊರೇಸನ ಸಾಲನ್ನು ಅವನು ಕವಿತೆಯ ಕೊನೆಯಲ್ಲಿ ತಂದು ‘ಹಳೆಯ ಸುಳ್ಳು’ ಎನ್ನುತ್ತಾನೆ. ನಮ್ಮಲ್ಲಿಯೂ ಸೈನಿಕನ ಕೈಗೆ ಕೊಟ್ಟ ಇಂಥ ಮಾತೊಂದಿದೆ. ಕರ್ನಾಟಕದ ವೀರಗಲ್ಲುಗಳ ಮೇಲೆ ಕೆತ್ತಿದ ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕ: ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ, ಕ್ಷಣದಲ್ಲಿ ನಾಶವಾಗುವ ದೇಹ ರಣದಲ್ಲಿ ಬಿದ್ದರೆ ಚಿಂತೆ ಏನು? ರನ್ನನ ದುರ್ಯೋಧನನು ಇದನ್ನು ಸುಳ್ಳೆನ್ನುವುದಿಲ್ಲ. ವೈರಿಯ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು, ನಿನ್ನ ಸಾಹಸದ ಒಂದಂಶದೊಡನೆ ಕೂಡಿದ ಮರಣ ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ವೀರಧರ್ಮದ ಮೇಲಿನ ನಂಬಿಕೆ ಅಲುಗಾಡದೆಯೇ ದುಃಖ ಇಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದೇ ಆ ಭಾಗದ ಶಕ್ತಿ. ಅದನ್ನು ಯುದ್ಧವಿರೋಧ ಎಂದುಬಿಟ್ಟರೆ ಆ ಶಕ್ತಿ ಕೈತಪ್ಪುತ್ತದೆ.

ಹಂತ 7: ಬರೆಯುವುದು

ಮೊದಲ ವಾಕ್ಯದಲ್ಲೇ ಕೀಲು ಬರಲಿ. ‘ಮಾನವ ಇತಿಹಾಸದಲ್ಲಿ ಯುದ್ಧಗಳು ಅನಾದಿಕಾಲದಿಂದಲೂ ನಡೆದುಕೊಂಡು ಬಂದಿವೆ’ ಎಂದು ತೊಡಗಿದರೆ ಅರ್ಧ ಪುಟ ವ್ಯರ್ಥವಾಗುತ್ತದೆ. ಪ್ರತಿ ಪ್ಯಾರಾದಲ್ಲೂ ಎರಡು ಕವಿತೆಗಳೂ ಇರಬೇಕು, ಎರಡರಿಂದಲೂ ಒಂದೊಂದು ಪದ ಅಥವಾ ಸಾಲು ಉದ್ಧೃತವಾಗಿರಬೇಕು. ಒಂದು ಮಾದರಿ ಕೊಡುತ್ತೇನೆ.

‘ರನ್ನನ ದುರ್ಯೋಧನನೂ ಓವೆನ್‌ನ ಸೈನಿಕನೂ ಇನ್ನೊಬ್ಬನ ಸಾವಿನ ಎದುರು ನಿಂತೇ ಮಾತನಾಡುತ್ತಾರೆ, ಆದರೆ ‘ನೀನು’ಎಂಬ ಪದವನ್ನು ಇಬ್ಬರೂ ಬೇರೆ ಬೇರೆ ಕಡೆಗೆ ತಿರುಗಿಸುತ್ತಾರೆ. ದುಶ್ಶಾಸನನ ಶವದ ಮುಂದೆ ದುರ್ಯೋಧನನು, ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು ಕುಡಿದೆ, ಸಾವಿನಲ್ಲಿ ಮಾತ್ರ ನೀನು ನನಗಿಂತ ಮುಂದಾದೆ ಎಂದು ಅಣ್ಣತಮ್ಮಂದಿರ ಸರದಿಯನ್ನು ನೆನೆಯುತ್ತಾನೆ. ಸತ್ತವನೊಡನೆ ಸಂಬಂಧ ಮುಂದುವರಿಯುತ್ತಿರುವುದರಿಂದ ಮಾತು ಸಾಧ್ಯವಾಗಿದೆ. ಓವೆನ್‌ನ ನಿರೂಪಕನಿಗೆ ಆ ದಾರಿಯಿಲ್ಲ. ಗಾಡಿಯೊಳಕ್ಕೆ ಎಸೆದವನು ಅವನಿಗೆ ‘ಯಾರೋ ಒಬ್ಬ’, ಅವನ ಮುಖದಲ್ಲಿ ಹೊರಳುವ ಬಿಳಿಗಣ್ಣುಗಳೊಡನೆ ಸಂಭಾಷಣೆ ನಡೆಯದು. ಆದ್ದರಿಂದ ಅವನ ‘ನೀನು’ ಊರಿನಲ್ಲಿರುವ ‘ಗೆಳೆಯ’ನ ಕಡೆಗೆ ಆರೋಪವಾಗಿ ತಿರುಗುತ್ತದೆ. ರನ್ನನಲ್ಲಿ ವಿಲಾಪವಾದದ್ದು ಓವೆನ್‌ನಲ್ಲಿ ವಾದವಾಗುತ್ತದೆ.’

ಈ ಪ್ಯಾರಾದಲ್ಲಿ ‘ಅದೇ ರೀತಿ’, ‘ಇದಕ್ಕೆ ವ್ಯತಿರಿಕ್ತವಾಗಿ’ ಎಂಬ ಜೋಡಣೆಯ ಪದಗಳು ಬಂದಿಲ್ಲ, ಆದರೂ ಹೋಲಿಕೆ ನಡೆದಿದೆ. ಆ ಪದಗಳನ್ನು ಬಳಸಬಾರದೆಂದು ನಿಯಮವೇನೂ ಇಲ್ಲ. ಅವುಗಳನ್ನು ತೆಗೆದುಹಾಕಿದಾಗ ಪ್ಯಾರಾ ಎರಡು ತುಂಡಾಗಿ ಬೀಳುವುದಾದರೆ ಹೋಲಿಕೆ ಇನ್ನೂ ಹುಟ್ಟಿಲ್ಲವೆಂದು ಅರ್ಥ.

ಹಂತ 8: ತಿದ್ದುವುದು

ಬರೆದದ್ದನ್ನು ಒಂದು ರಾತ್ರಿ ಬಿಟ್ಟು, ಮರುದಿನ ಎರಡೂ ಕವಿತೆಗಳ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಪ್ರತಿ ವಾಕ್ಯದಲ್ಲೂ ಕವಿತೆಯ ಹೆಸರನ್ನು ಅದಲುಬದಲು ಮಾಡಿ ನೋಡಿ. ‘ಬ್ರೂಕ್ ಯುದ್ಧದ ಅನುಭವವನ್ನು ಪರಿಣಾಮಕಾರಿಯಾಗಿ ಕಟ್ಟಿಕೊಡುತ್ತಾನೆ’ ಎಂಬಲ್ಲಿ ಓವೆನ್ ಎಂದು ಹಾಕಿದರೂ ವಾಕ್ಯ ನಿಲ್ಲುತ್ತದೆ, ಹಾಗಾಗಿ ಅದನ್ನು ಹೊಡೆದುಹಾಕಿ. ‘ಆರು ಸಲ ತನ್ನ ದೇಶದ ಹೆಸರು ಹೇಳುವ ಕವಿತೆಯಲ್ಲಿ ಒಂದು ಸಲವೂ ಶತ್ರುವಿನ ಹೆಸರಿಲ್ಲ’ ಎಂಬ ವಾಕ್ಯದಲ್ಲಿ ಹೆಸರು ಬದಲಿಸಿದರೆ ಅದು ಸುಳ್ಳಾಗುತ್ತದೆ, ಆದ್ದರಿಂದ ಅದನ್ನು ಉಳಿಸಿಕೊಳ್ಳಿ.

ನಂತರ ಉದ್ಧರಣೆಗಳನ್ನು ಅಕ್ಷರಕ್ಕೆ ಅಕ್ಷರ ಮೂಲದೊಡನೆ ತಾಳೆ ನೋಡಿ. ಹಳಗನ್ನಡದಲ್ಲಿ ಒಂದು ಬಿಂದು ಬಿಟ್ಟುಹೋದರೆ ವಿಭಕ್ತಿಯೇ ಬದಲಾಗಬಹುದು. ನೆನಪಿನಿಂದ ಬರೆದ ಸಾಲನ್ನು, ಎಷ್ಟೇ ಬಾಯಿಪಾಠವಿದ್ದರೂ, ಮೂಲವನ್ನು ನೋಡದೆ ಉದ್ಧರಣ ಚಿಹ್ನೆಯೊಳಗೆ ಇಡಬೇಡಿ.

ಕೊನೆಯ ಪ್ಯಾರಾ ಉಳಿಯುತ್ತದೆ. ಶಾಂತಿಯ ಮಹತ್ವವನ್ನು ಕುರಿತ ಎರಡು ವಾಕ್ಯಗಳು ಅಲ್ಲಿಗೆ ತಾವಾಗಿಯೇ ಬಂದು ಕುಳಿತಿರುತ್ತವೆ. ಅವುಗಳನ್ನು ತೆಗೆದು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಕೀಲಿನ ಪ್ರಶ್ನೆಯನ್ನು ಮತ್ತೊಮ್ಮೆ ಓದಿ, ಎರಡು ಕವಿತೆಗಳು ಅದಕ್ಕೆ ಕೊಟ್ಟ ಉತ್ತರಗಳಲ್ಲಿ ನಿಮಗೆ ಇನ್ನೂ ಬಗೆಹರಿಯದ ಅಂಶ ಯಾವುದೆಂದು ಕೇಳಿಕೊಳ್ಳಿ. ಹೆಸರಿಲ್ಲದ ಸೈನಿಕನಿಗಾಗಿ ವಿಲಪಿಸುವುದು ಓವೆನ್‌ಗೆ ಸಾಧ್ಯವಿತ್ತೇ, ಅಥವಾ ಆರೋಪವೇ ಅವನ ವಿಲಾಪವಾಯಿತೇ? ಹೀಗೆ ಕವಿತೆಯಿಂದ ಎದ್ದ ಪ್ರಶ್ನೆ ಸಿಕ್ಕರೆ ಅದನ್ನೇ ಕೊನೆಯ ವಾಕ್ಯವಾಗಿ ಬರೆದು ನಿಲ್ಲಿಸಿ.